ಎಳ್ಳಮಾಸಿಯ ಹೊಲದಲ್ಲಿ ಮಕ್ಕಳಿಗೂ ಒಂದು ಕೆಲಸ

ವರ್ಷಕ್ಕೊಂದು ದಿನ ಬೀದರ್ ಜಿಲ್ಲೆಯ ಊರುಗಳು ಬರಿದಾಗಿ ಹೊಲಗಳು ತುಂಬುತ್ತವೆ. ಮಾರ್ಗಶಿರ ಮಾಸದ ಕೊನೆಗೆ ಬರುವ ಆ ದಿನವನ್ನು ಪಂಚಾಂಗ ಎಳ್ಳು ಅಮಾವಾಸ್ಯೆ ಎಂದು ಬರೆಯುತ್ತದೆ, ನಮ್ಮ ಬಾಯಲ್ಲಿ ಅದು ಎಳ್ಳಮಾಸಿ. ಅಂದು ಮಧ್ಯಾಹ್ನ ಬೀದರಿನ ಅಂಗಡಿ ಬೀದಿಗಳು ಬಣಗುಡುತ್ತವೆ. ಭಾಲ್ಕಿ, ಔರಾದ್ ರಸ್ತೆಗಳಲ್ಲಿ ಮಾತ್ರ ಬುತ್ತಿ ಗಂಟು, ಅಂಬಲಿ ಗಡಿಗೆ, ಮನೆಮಂದಿಯನ್ನೆಲ್ಲ ಹೇರಿಕೊಂಡ ಟ್ರ್ಯಾಕ್ಟರು, ಟಂಟಂ, ಬೈಕುಗಳ ಸಾಲು. ಔರಾದ್ ಕಡೆಯ ಮರಾಠಿ ಮನೆಗಳಲ್ಲೂ ಗಡಿಯಾಚೆಯ ಲಾತೂರಿನಲ್ಲೂ ಇದೇ ಹಬ್ಬ, ಬಹುಪಾಲು ಇದೇ ಅಡುಗೆ.

ಹೊಲದಲ್ಲಿ ಕೂತು ಉಣ್ಣುವ ಈ ಪದ್ಧತಿ ಉಳಿದಿದೆ ಎಂಬುದು ಸಂತೋಷದ ಮಾತು. ಆದರೆ ಇತ್ತೀಚೆಗೆ ಮಕ್ಕಳು ಇಲ್ಲಿ ನೆಂಟರಂತೆ ಬಂದು ಹೋಗುತ್ತಿದ್ದಾರೆ. ಹಾಸಿದ ಚಾದರದ ಮೇಲೆ ಕೂರುತ್ತಾರೆ, ಮೊಬೈಲ್ ನೋಡುತ್ತಾರೆ, ಕರೆದಾಗ ಉಣ್ಣುತ್ತಾರೆ, ನಾಲ್ಕು ಫೋಟೊ ತೆಗೆಸಿಕೊಂಡು ಗಾಡಿ ಹತ್ತುತ್ತಾರೆ. ಭಜ್ಜಿಯಲ್ಲಿ ಏನೇನಿದೆ ಎಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ತಪ್ಪು ಮಕ್ಕಳದಲ್ಲ, ನಾವು ಅವರಿಗೆ ಊಟ ಕೊಟ್ಟೆವು, ಕೆಲಸ ಕೊಡಲಿಲ್ಲ. ತಾನೇ ಸುಲಿದ ಕಾಳು ಬೆಂದಿದೆ ಎಂದರೆ ನಾಲ್ಕು ವರ್ಷದ ಮಗುವೂ ತಟ್ಟೆಗೆ ಕೈ ಹಾಕಿ ಅದನ್ನು ಹುಡುಕುತ್ತದೆ. ಈ ಬರಹ ಅದಕ್ಕಾಗಿಯೇ: ಯಾವ ವಯಸ್ಸಿನವರಿಗೆ ಯಾವ ಕೆಲಸ ಕೊಡಬಹುದು, ಏನು ಬೇಯಿಸಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಹೇಳಲು.

ಮೊದಲು ದಿನದ ಲೆಕ್ಕ. ಹಬ್ಬ 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ ಅಲ್ಲಿಂದ ಮುಂದಿನ ಎಳ್ಳಮಾಸಿ ಮುಂದಕ್ಕೆ ಸರಿದು 2027ರ ಜನವರಿ 7ರ ಗುರುವಾರ ಬೀಳುತ್ತದೆ. ದಿನ ಯಾವುದೇ ಇರಲಿ, ಹೊಲದ ಸ್ಥಿತಿ ಒಂದೇ. ಹಿಂಗಾರಿ ಜೋಳ ತೆನೆ ಹೊತ್ತು ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ, ತೊಗರಿ ಗೊಂಚಲು ಗೊಂಚಲಾಗಿ ತೂಗುತ್ತಿರುತ್ತದೆ. ಭೂತಾಯಿ ಈಗ ಬಸುರಿ, ಅವಳಿಗೆ ಬಯಕೆ ಊಟ ಮಾಡಿಸಬೇಕು ಎಂಬುದು ರೈತರ ನಂಬಿಕೆ. ಹಬ್ಬದ ಅಷ್ಟೂ ಅಡುಗೆ, ಪೂಜೆ, ಹೊಲಕ್ಕೆ ಎಡೆ ಎರಚುವ ಚರಗ ಈ ಒಂದು ನಂಬಿಕೆಯಿಂದ ಹುಟ್ಟಿದವು.

ಕಾಳು ಸುಲಿಯುವ ಸಂಜೆ

ಮಕ್ಕಳ ಹಬ್ಬ ಹಿಂದಿನ ದಿನ ಸಂಜೆಯೇ ಶುರುವಾಗಲಿ. ಭಜ್ಜಿಗೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ ಬೇಕು. ನಾಲ್ಕನ್ನೂ ಕಾಯಿಯಲ್ಲೇ ತನ್ನಿ. ಸುಲಿದಿಟ್ಟ ಕಾಳಿನ ಪೊಟ್ಟಣ ಸಂತೆಯಲ್ಲಿ ಸಿಕ್ಕರೂ ತರಬೇಡಿ. ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಕಾಯಿ ಸುರುವಿ ಮಕ್ಕಳನ್ನು ಸುತ್ತ ಕೂರಿಸಿ, ನಡುವೆ ಆಯಿ ಕೂರಲಿ. ಮೂರ್ನಾಲ್ಕು ವರ್ಷದವರ ಬೆರಳಿಗೂ ಬಟಾಣಿ ಸಿಪ್ಪೆ ಬಗ್ಗುತ್ತದೆ. ತೊಗರಿಕಾಯಿ ಬಿಡಿಸಲು ಉಗುರಿನ ಬಲ ಬೇಕು, ಅದನ್ನು ಏಳೆಂಟು ವರ್ಷದವರಿಗೆ ಕೊಡಿ. ತೊಗರಿಕಾಯಿಯ ಹಸಿರು ಮೈಮೇಲೆ ನೇರಳೆ ಗೀರುಗಳಿರುತ್ತವೆ. ಕಾಯಿಯಲ್ಲಿ ದುಂಡನೆಯ ತೂತಿದ್ದರೆ ಒಳಗೆ ಹಸಿರು ಹುಳವೊಂದು ಕಾಳು ತಿನ್ನುತ್ತಾ ಮಲಗಿರುತ್ತದೆ. ಮಕ್ಕಳು ಕಿರುಚುತ್ತಾರೆ. ಕೂಡಲೇ ಎಸೆಯಬೇಡಿ, ಅಂಗೈ ಮೇಲಿಟ್ಟು ತೋರಿಸಿ. ಇದೇ ಕಾಯಿಕೊರಕ, ರೈತ ಇಡೀ ಚಳಿಗಾಲ ಹೋರಾಡುವುದು ಇದರೊಂದಿಗೇ ಎಂದು ಹೇಳಿ. ಮರುದಿನ ಹೊಲದಲ್ಲಿ ಹಕ್ಕಿ ಕಂಡಾಗ ಈ ಹುಳ ಅವರಿಗೆ ತಾನಾಗಿ ನೆನಪಾಗುತ್ತದೆ.

ಅದೇ ಸಂಜೆ ಅಂಬಲಿಗೂ ಕೈ ಹಚ್ಚಬೇಕು. ಹತ್ತು ಹನ್ನೆರಡು ಮಂದಿಗೆ ಎರಡು ಬಟ್ಟಲು ಬಿಳಿಜೋಳದ ಹಿಟ್ಟನ್ನು ಎರಡು ಬಟ್ಟಲು ಹುಳಿ ಮಜ್ಜಿಗೆಯಲ್ಲಿ ಕಲಸಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಹತ್ತು ಬಟ್ಟಲು ನೀರು ಕುದಿಸಿ, ಹಿಟ್ಟನ್ನು ಗಂಟಾಗದಂತೆ ಸುರಿಯುತ್ತಾ ತಿರುವಿ. ಹಸಿ ವಾಸನೆ ಹೋಗುವವರೆಗೆ ಬೇಯಲಿ. ಪೂರ್ತಿ ಆರಿದ ಮೇಲೆ ಒಂದೂವರೆ ಲೀಟರ್ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕಡೆಯಬೇಕು. ಕಡಗೋಲನ್ನು ಹತ್ತು ವರ್ಷದವರ ಕೈಗೆ ಕೊಡಿ, ಚೆಲ್ಲಿದರೆ ಚೆಲ್ಲಲಿ. ಹೊಸ ಮಣ್ಣಿನ ಗಡಿಗೆ ತಂದಿದ್ದರೆ ಒಂದು ದಿನ ಮುಂಚೆ ನೀರು ತುಂಬಿಡಿ, ಇಲ್ಲದಿದ್ದರೆ ಅಂಬಲಿಗೆ ಮಣ್ಣಿನ ರುಚಿ ಹತ್ತುತ್ತದೆ. ಸ್ಟೀಲಿನ ಕ್ಯಾನಿಗಿಂತ ಗಡಿಗೆಯ ಅಂಬಲಿ ಮಧ್ಯಾಹ್ನದ ಹೊತ್ತಿಗೆ ತಣ್ಣಗಿರುತ್ತದೆ. ಗಡಿಗೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ಕಾವು ಎಳೆದುಕೊಂಡು ಹೋಗುತ್ತದೆ ಎಂಬುದು ಐದನೇ ತರಗತಿಯ ಮಗುವಿಗೆ ಅರ್ಥವಾಗುವ ವಿಜ್ಞಾನ.

ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುವ ದಕ್ಷಿಣದ ಓದುಗರಿಗೆ ಒಂದು ಮಾತು. ಎಳ್ಳಮಾಸಿಯ ಭಜ್ಜಿ ಕಾಳು, ಸೊಪ್ಪು, ಕಡಲೆ ಹಿಟ್ಟು ಕೂಡಿಸಿ ಕುದಿಸಿದ ಗಟ್ಟಿ ಪಲ್ಯ. ಹದಿನೈದು ಮಂದಿಗೆ ಸುಲಿದ ನಾಲ್ಕು ಬಗೆಯ ಕಾಳು ತಲಾ ಅರ್ಧ ಕಿಲೊ, ನೆನೆಸಿದ ಶೇಂಗಾ ಎರಡು ಹಿಡಿ, ಮೆಂತ್ಯ, ಪಾಲಕ್, ಹುಳಿ ಚುಕ್ಕಾ ಎರಡೆರಡು ಸಿವುಡು, ಹಸಿ ಈರುಳ್ಳಿ, ನಾಲ್ಕು ಗಜ್ಜರಿ, ನಾಲ್ಕು ಬದನೆಕಾಯಿ, ಒಂದು ಹಿಡಿ ಬಾರೆಹಣ್ಣು. ಕಾಳನ್ನು ಮುಕ್ಕಾಲು ಬೇಯಿಸಿ, ಗಡ್ಡೆ ತರಕಾರಿ, ಆಮೇಲೆ ಸೊಪ್ಪು ಹಾಕಿ. ಕಾಲು ಕಿಲೊ ಕಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕದಡಿ ಸುರಿದು, ಹುಣಸೆ ರಸ, ಅರಿಸಿನ, ಉಪ್ಪು ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಗುಳುಗುಳು ಎಂದು ಗುಳ್ಳೆ ಸಿಡಿದು ಚಮಚಕ್ಕೆ ಹತ್ತುವಂತಾದಾಗ ಬೆಳ್ಳುಳ್ಳಿ, ಜೀರಿಗೆ ಒಗ್ಗರಣೆ. ಹಸಿಮೆಣಸಿನಕಾಯಿ ಜಜ್ಜಿ ಹಾಕುವ ಮುನ್ನ ಮಕ್ಕಳ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡುವುದನ್ನು ಮರೆಯಬೇಡಿ. ಬಹಳಷ್ಟು ಮಕ್ಕಳು ಭಜ್ಜಿ ಬೇಡ ಎನ್ನುವುದಕ್ಕೆ ಕಾರಣ ಖಾರ ಮಾತ್ರ.

ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಗೋಧಿ ಹುಗ್ಗಿ ಇರುತ್ತವೆ. ಎಲ್ಲವನ್ನೂ ಮಾಡಲೇಬೇಕೆಂದಿಲ್ಲ. ನೌಕರಿಗೆ ಹೋಗುವ ತಾಯಂದಿರು ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಈ ಮೂರನ್ನು ಮನೆಯಲ್ಲಿ ಮಾಡಿಕೊಂಡು, ಉಳಿದದ್ದನ್ನು ಬರುವವರಿಗೆ ಹಂಚಿಕೊಟ್ಟರೆ ಸಾಕು. ರೊಟ್ಟಿಗೆ ಎಳ್ಳು ಒತ್ತುವ ಕೆಲಸ ಮಾತ್ರ ಮಕ್ಕಳದು. ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ, ಬಿಸಿನೀರಲ್ಲಿ ನಾದಿದರೂ ಅಂಚು ಬಿರಿಯುತ್ತದೆ. ಬಿರಿದದ್ದನ್ನು ಒದ್ದೆ ಬೆರಳಿನಿಂದ ಕೂಡಿಸುವುದು ಹೇಗೆಂದು ಒಮ್ಮೆ ತೋರಿಸಿ ಬಿಟ್ಟುಬಿಡಿ.

ಹೊಲದಲ್ಲಿ

ಬೀದರಿನಿಂದ ಭಾಲ್ಕಿಯೂ ಔರಾದೂ ತಲಾ ನಲವತ್ತು ಕಿಲೋಮೀಟರಿನ ಆಸುಪಾಸು. ಎರಡೂ ಕಡೆಗೆ ಬಸ್ಸಿದೆ, ಭಾಲ್ಕಿಗೆ ರೈಲೂ ಇದೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಕರಿ ಎರೆ ನೆಲ. ದಾರಿಯಲ್ಲಿ ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು ಎಂದು ಹೇಳುವ ಪಂದ್ಯ ಮಕ್ಕಳಿಗೆ ಇಡಿ. ತಿಂಗಳುಗಟ್ಟಲೆ ಮಳೆಯಿಲ್ಲದೆ ಜೋಳ ಹೇಗೆ ಹಸಿರಾಗಿದೆ ಎಂದು ಅವರು ಕೇಳಿದರೆ ನೆಲ ಬಿರಿದ ಕಡೆ ಕೈ ಹಾಕಿಸಿ. ಮೇಲೆ ಒಣಗಿದ್ದರೂ ಗೇಣು ಕೆಳಗೆ ಮುಂಗಾರಿನ ತೇವ ಇನ್ನೂ ಇರುತ್ತದೆ.

ಹೊಲ ಮುಟ್ಟಿದ ಕೂಡಲೇ ಕೊಂಪಿ ಕಟ್ಟಬೇಕು. ಜೋಳದ ದಂಟಿನ ಸಿವುಡುಗಳನ್ನು ಸುತ್ತ ನಿಲ್ಲಿಸಿ ತುದಿ ಕೂಡಿಸಿ ಕಟ್ಟಿದರೆ ಪುಟ್ಟ ಗುಡಿಸಲು. ಸೋಯಾ, ಕಬ್ಬು ಹೆಚ್ಚಿ ಜೋಳ ಕಡಿಮೆಯಾದ ಊರುಗಳಲ್ಲಿ ದಂಟು ಸಿಗುವುದೇ ಕಷ್ಟ, ಪಕ್ಕದ ಹೊಲದವರನ್ನು ಎರಡು ದಿನ ಮುಂಚೆ ಕೇಳಿಡಿ. ಐದು ಕಲ್ಲು ಆರಿಸಿ ತರುವುದು, ತೊಳೆಯುವುದು, ಸುಣ್ಣ ಬಳಿಯುವುದು ಮಕ್ಕಳ ಕೆಲಸ. ಕೊಂಪಿಯೊಳಗೆ ಆ ಐದೂ ಪಾಂಡವರಾಗುತ್ತಾರೆ, ಅವರೊಂದಿಗೆ ಲಕ್ಷ್ಮಿಗೂ ಪೂಜೆ.

ಪೂಜೆಯಾದ ಮೇಲೆ ಚರಗ. ಮಕ್ಕಳು ಜೀವಮಾನವಿಡೀ ನೆನಪಿಟ್ಟುಕೊಳ್ಳುವುದು ಇದನ್ನೇ. ಪ್ರತಿಯೊಂದು ಅಡುಗೆಯಿಂದ ತುಸು ತೆಗೆದು, ರೊಟ್ಟಿ ಕಡಬು ಮುರಿದು, ಅಂಬಲಿಯಲ್ಲಿ ಕಲಸಿ ಬುಟ್ಟಿಗೆ ಹಾಕುತ್ತಾರೆ. ಒಬ್ಬರು ಅದನ್ನು ಬೆಳೆಯ ಮೇಲೆ ಎರಚುತ್ತಾ ಮುಂದೆ, ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ, ಹೊಲ ಸುತ್ತಬೇಕು. ಮುಂದಿನವರು ಒಂದು ಕೂಗು ಹಾಕಿದರೆ ಹಿಂದಿನವರು ಅದಕ್ಕೆ ಉತ್ತರವಾಗಿ ಇನ್ನೊಂದು ಕೂಗು ಹಾಕುತ್ತಾರೆ. ಆ ಕೂಗು ಊರಿಂದೂರಿಗೆ ಬೇರೆ, ನಿಮ್ಮ ಊರಿನದನ್ನು ಮುತ್ಯಾನ ಬಾಯಿಂದಲೇ ಮಕ್ಕಳಿಗೆ ಕಲಿಸಿ. ಬುಟ್ಟಿಯನ್ನು ದೊಡ್ಡವರೇ ಹಿಡಿದುಕೊಳ್ಳಬೇಡಿ. ಹೆಣ್ಣುಮಕ್ಕಳ ಕೈಗೂ ಕೊಡಿ, ಗಂಡಸರೇ ಎರಚಬೇಕೆಂಬ ವಾಡಿಕೆ ಇದ್ದ ಕಡೆ ಅದನ್ನು ಬಿಡುವುದರಿಂದ ಭೂತಾಯಿಗೆ ಬೇಸರವಾಗುವುದಿಲ್ಲ. ಚರಗದ ಅಗುಳಿಗೆ ಬಂದ ಹಕ್ಕಿಗಳು ಕಾಯಿಕೊರಕವನ್ನೂ ಹೆಕ್ಕಿ ತಿನ್ನುತ್ತವೆ ಎಂದು ರೈತರು ಹೇಳುತ್ತಾರೆ. ಕಡಲೆ ಹೊಲದಲ್ಲಿ ಹಕ್ಕಿ ಕೂರಲು ಅಲ್ಲಲ್ಲಿ ಟೊಂಗೆ ನೆಡಿ ಎಂಬುದು ಕೃಷಿ ವಿಜ್ಞಾನಿಗಳ ಸಲಹೆಯೂ ಹೌದು. ಹಿಂದಿನ ಸಂಜೆ ಅಂಗೈ ಮೇಲೆ ಕಂಡ ಹುಳಕ್ಕೂ ಈ ಹಕ್ಕಿಗೂ ಇರುವ ನಂಟನ್ನು ಮಕ್ಕಳೇ ಹೇಳುತ್ತಾರೆ, ಕಾದು ನೋಡಿ.

ಭೂಮಿಗೆ ಬಡಿಸುವವರೆಗೆ ಯಾರೂ ಉಣ್ಣುವಂತಿಲ್ಲ. ಹಸಿದ ಮಗುವಿಗೆ ಇದು ಕಷ್ಟ, ಹಾಗಾಗಿ ಹೊರಡುವ ಮುನ್ನ ಹೊಟ್ಟೆಗೆ ಏನಾದರೂ ಹಾಕಿಸಿ. ಕಾಯುವುದನ್ನು ಮಾತ್ರ ತಪ್ಪಿಸಬೇಡಿ.

ಕೆಂಡದ ಸುತ್ತ ಹೇಳಲೊಂದು ದೂರದ ಸುದ್ದಿ

ಊಟವಾದ ಮೇಲೆ ಬದುವಿನಲ್ಲಿ ಸಣ್ಣ ಬೆಂಕಿ ಮಾಡಿ. ಹಾಲು ತುಂಬಿದ ಜೋಳದ ತೆನೆ ಸುಟ್ಟು, ಕೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಸೀತನಿ. ಮರಾಠಿ ಮನೆಗಳವರು ಇದನ್ನು ಹುರ್ಡಾ ಎನ್ನುತ್ತಾರೆ. ಬೆಲ್ಲದ ಜೊತೆಗೋ ಶೇಂಗಾ ಹಿಂಡಿಯ ಜೊತೆಗೋ ತಿನ್ನಬೇಕು. ಬೂದಿಯಲ್ಲಿ ನಾಲ್ಕು ಆಲೂಗಡ್ಡೆ, ಗೆಣಸು ಹೂತಿಡಿ. ಅವು ಬೇಯುವವರೆಗೆ ಮಕ್ಕಳು ಕೂತ ಜಾಗ ಬಿಟ್ಟು ಏಳುವುದಿಲ್ಲ. ಅವರಿಗೆ ಪೆರು ದೇಶದ ಸುದ್ದಿ ಹೇಳಲು ಇದೇ ಸಮಯ.

ಪೆರುವಿನ ಆಂಡೀಸ್ ಬೆಟ್ಟಗಳ ರೈತರು ಆಲೂಗಡ್ಡೆ ಕೀಳುವ ಕಾಲದಲ್ಲಿ ಹೊಲದ ಹೆಂಟೆಗಳನ್ನೇ ಗುಮ್ಮಟದಂತೆ ಪೇರಿಸಿ, ಒಳಗೆ ಬೆಂಕಿ ಹಾಕುತ್ತಾರೆ. ಹೆಂಟೆ ಕಾದು ಕೆಂಪಾದಾಗ ಆಲೂಗಡ್ಡೆ ಒಳಗೆ ತುಂಬಿ, ಗುಮ್ಮಟವನ್ನೇ ಅದರ ಮೇಲೆ ಕೆಡವಿ ಮುಚ್ಚುತ್ತಾರೆ. ಮಣ್ಣಿನ ಕಾವಿಗೇ ಅದು ಬೇಯುತ್ತದೆ. ಈ ಅಡುಗೆಯ ಹೆಸರು ಹುವಾತಿಯಾ. ಊರೆಲ್ಲ ಸೇರುವ ಹಬ್ಬಕ್ಕಾದರೆ ಗುಂಡಿ ತೋಡಿ, ಕಾಯಿಸಿದ ಕಲ್ಲುಗಳ ನಡುವೆ ಆಲೂಗಡ್ಡೆ, ಗೆಣಸು, ಎಳೆ ಮೆಕ್ಕೆಜೋಳ, ಕಾಳು, ಮಾಂಸ ಇಟ್ಟು ಮಣ್ಣು ಮುಚ್ಚುತ್ತಾರೆ. ಅದಕ್ಕೆ ಪಾಚಮಾಂಕಾ ಎನ್ನುತ್ತಾರೆ. ಅದಕ್ಕೆ ಹಾಕುವ ಹುವಾಕತಾಯ್ ಎಂಬ ಘಮದ ಸೊಪ್ಪು ನಮ್ಮ ಚೆಂಡುಹೂವಿನ ಕುಲದ್ದು. ಅವರಿಗೂ ಭೂಮಿ ತಾಯಿ, ಹೆಸರು ಪಾಚಮಾಮಾ. ಕುಡಿಯುವ ಮುನ್ನ ಮೆಕ್ಕೆಜೋಳದ ಪಾನೀಯ ಚಿಚಾವನ್ನು ನೆಲಕ್ಕೆ ತುಸು ಚೆಲ್ಲುತ್ತಾರೆ. ಆಗಸ್ಟ್ ತಿಂಗಳಲ್ಲಿ ಭೂಮಿಗೇ ಎಡೆ ಕೊಡುತ್ತಾರೆ. ನಮ್ಮ ಮುಯ್ಯಾಳಿನಂತೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು, ಸರದಿಯಲ್ಲಿ ಅದನ್ನು ತೀರಿಸುವ ಪದ್ಧತಿ ಅಲ್ಲೂ ಇದೆ, ಐನಿ ಎನ್ನುತ್ತಾರೆ. ಎರಡು ನೆಲಗಳ ನಡುವೆ ಎರಡು ಸಾಗರಗಳಿದ್ದರೂ ರೈತಾಪಿ ಮಕ್ಕಳು ಕಲಿಯುವ ಮೊದಲ ಪಾಠ ಒಂದೇ ಆಗಿರುವುದು ನನಗೆ ಪ್ರತಿ ಸಲವೂ ಬೆರಗು ತರುತ್ತದೆ.

ಆಮೇಲೆ ಬುತ್ತಿಯನ್ನೇ ತೋರಿಸಿ ಕೇಳಿ: ಇದರಲ್ಲಿ ಅಲ್ಲಿಂದ ಬಂದದ್ದು ಯಾವುದು? ಶೇಂಗಾ, ಮೆಣಸಿನಕಾಯಿ, ಆಲೂಗಡ್ಡೆ, ಗೆಣಸು ನಾಲ್ಕೂ ಅಮೆರಿಕ ಖಂಡಗಳ ಬೆಳೆ, ಪೋರ್ಚುಗೀಸರ ಕಾಲದಿಂದೀಚೆಗೆ ನಮ್ಮ ಹೊಲಕ್ಕಿಳಿದವು. ಜೋಳ, ಸಜ್ಜೆ ಅವಕ್ಕಿಂತ ಸಾವಿರಾರು ವರ್ಷ ಮುಂಚೆ ಆಫ್ರಿಕದಿಂದ ಬಂದವು. ತೊಗರಿ ಹುಟ್ಟಿದ್ದೇ ಭಾರತದಲ್ಲಿ. 1987ರಲ್ಲಿ ಪೆರುವಿನ ಸಿಪಾನ್ ಎಂಬಲ್ಲಿ ವಾಲ್ಟರ್ ಆಲ್ವಾ ಎಂಬ ಪುರಾತತ್ವಜ್ಞರ ತಂಡ ಮೋಚೆ ಜನರ ಅರಸನೊಬ್ಬನ ಸಮಾಧಿ ತೆರೆಯಿತು. ಅವನ ಕೊರಳಲ್ಲಿ ಬಂಗಾರ ಮತ್ತು ಬೆಳ್ಳಿಯಲ್ಲಿ ಮಾಡಿದ ಶೇಂಗಾಕಾಯಿಗಳ ಸರವಿತ್ತು. ನಾವು ಸಿಪ್ಪೆ ಒಡೆದು ತಿನ್ನುವ ಶೇಂಗಾವನ್ನು ಒಂದು ಜನಾಂಗ ಅರಸನ ಆಭರಣ ಮಾಡಿತ್ತು ಎಂದರೆ ಮಕ್ಕಳ ಕಣ್ಣು ಅರಳುತ್ತವೆ. ಶಿಕ್ಷಕರಿಗೂ ಇದು ಒಳ್ಳೆಯ ಪಾಠ. ಬ್ಯಾಗ್ ಇಲ್ಲದ ಶನಿವಾರ ಭಜ್ಜಿಯ ಒಂದೊಂದು ಸಾಮಾನನ್ನೂ ಭೂಪಟದ ಮೇಲಿಟ್ಟು ಎಲ್ಲಿಂದ ಬಂತೆಂದು ತೋರಿಸಬಹುದು.

ಎಚ್ಚರ ಬೇಕಾದಲ್ಲಿ

ಎಳ್ಳಮಾಸಿಯ ಹೊತ್ತಿಗೆ ತೊಗರಿ, ಕಡಲೆಗೆ ಔಷಧ ಹೊಡೆಯುವುದು ಜೋರಾಗಿರುತ್ತದೆ. ಗಿಡದಿಂದ ಕಿತ್ತು ತಿನ್ನಲು ಬಿಡುವ ಮುನ್ನ ಯಾವ ಔಷಧ, ಎಂದು ಹೊಡೆದದ್ದು ಎಂದು ಹೊಲದವರನ್ನು ಕೇಳಲೇಬೇಕು. ಹೊಡೆದ ದಿನದಿಂದ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಕಡಲೆ ಗಿಡದ ಎಲೆ ಮೇಲಿನ ಸಣ್ಣ ರೋಮಗಳು ಹುಳಿ ರಸ ಜಿನುಗಿಸುತ್ತವೆ, ಬೆರಳು ನೆಕ್ಕಿದರೆ ಹಲ್ಲು ಚಳಿಯುತ್ತದೆ. ಹಿಂದೆ ಹೆಣ್ಣುಮಕ್ಕಳು ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆಂದು ಸೀಸೆಯಲ್ಲಿಡುತ್ತಿದ್ದರು. ಮಕ್ಕಳಿಗೆ ಆ ರುಚಿ ತೋರಿಸುವ ಆಸೆ ನನಗೂ ಇದೆ, ಆದರೆ ಔಷಧ ಮುಟ್ಟಿಸದ ಹೊಲದಲ್ಲಿ ಮಾತ್ರ.

ಕಟ್ಟೆಯಿಲ್ಲದ ಬಾವಿ, ಕೃಷಿ ಹೊಂಡ ಎಲ್ಲಿದೆ ಎಂದು ಹೋದ ಕೂಡಲೇ ನೋಡಿಕೊಂಡು, ಅತ್ತ ಕಡೆಗೆ ಒಬ್ಬ ದೊಡ್ಡವರನ್ನು ಕೂರಿಸಿ. ಅಡುಗೆಯ ಗಡಿಬಿಡಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡರೆ ಯಾರೂ ನೋಡುತ್ತಿರುವುದಿಲ್ಲ. ಟ್ರ್ಯಾಕ್ಟರಿನ ಗಾಲಿ ಮೇಲಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವುದನ್ನು ದಯವಿಟ್ಟು ನಿಲ್ಲಿಸಿ. ಐದು ವರ್ಷದೊಳಗಿನವರಿಗೆ ಹಸಿ ಕಡಲೆ, ಶೇಂಗಾ ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ರಾಜ್ಯದಲ್ಲೇ ಅತಿ ಚಳಿಯ ಊರುಗಳಲ್ಲಿ ಬೀದರ್ ಒಂದು, ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಟೊಪ್ಪಿಗೆ ಬೇಕು. ಕಾಲಿಗೆ ಬೂಟು, ಕುಡಿಯಲು ಮನೆಯ ನೀರು. ಬೆಂಕಿಯ ಸುತ್ತ ಒಣ ದಂಟು ಇರಬಾರದು, ಏಳುವ ಮುನ್ನ ಮಣ್ಣು ಮುಚ್ಚಿ ನಂದಿಸಬೇಕು.

ಹೊಲವಿಲ್ಲದವರು

ಬೀದರ್ ನಗರದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಹೊಲವಿರಲಿಕ್ಕಿಲ್ಲ. ಕರೆಯದೆಯೂ ಹೋಗಬಹುದಾದ ಊಟಗಳು, ಜಾತ್ರೆಗಳು ಇಲ್ಲಿ ಬೇರೆಯೂ ಇವೆ. ಗುರುನಾನಕ್ ಝೀರಾದ ಲಂಗರಿನಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡು ಯಾರು ಬೇಕಾದರೂ ಉಣ್ಣಬಹುದು. ಮಕ್ಕಳನ್ನು ಪಾತ್ರೆ ತೊಳೆಯುವ, ರೊಟ್ಟಿ ಬಡಿಸುವ ಸೇವೆಗೂ ಕರೆದುಕೊಂಡು ಹೋಗಿ. ಹೋಳಿಯ ನಂತರ ಅಷ್ಟೂರಿನಲ್ಲಿ ಅಹ್ಮದ್ ಶಾಹ ವಲಿ ಬಹಮನಿಯ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯಿಂದ ಜಂಗಮರು ಬಂದು ಆ ಗೋರಿಗೆ ಪೂಜೆ ಸಲ್ಲಿಸುತ್ತಾರೆ, ಹಿಂದೂ ಮುಸ್ಲಿಮರಿಬ್ಬರೂ ಅಲ್ಲಿ ಸೇರುತ್ತಾರೆ. ಔರಾದಿನಲ್ಲಿ ಶಿವರಾತ್ರಿಯ ಆಸುಪಾಸಿಗೆ ಅಮರೇಶ್ವರ ಜಾತ್ರೆ, ಜೊತೆಗೆ ದನಗಳ ಜಾತ್ರೆ. ನಮ್ಮದೇ ಸೀಮೆಯ ಕಪ್ಪು ಬಿಳುಪಿನ ದೇವಣಿ ತಳಿಯನ್ನು ಮಕ್ಕಳು ನೋಡಬೇಕಾದದ್ದು ಅಲ್ಲಿಯೇ. ಭಾಲ್ಕಿಗೆ ಹೋದರೆ ಹಿರೇಮಠಕ್ಕೆ ಹೋಗಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರು, ಬಡ ಮಕ್ಕಳ ಓದಿನ ಜೊತೆಗೆ ಅವರ ಊಟದ ಹೊಣೆಯನ್ನೂ ಹೊತ್ತಿದ್ದರು ಎಂಬುದನ್ನು ಅಲ್ಲಿ ನಿಂತು ಹೇಳಿ.

ಆದರೂ ಎಳ್ಳಮಾಸಿಗೆ ಹೊಲವೇ ಬೇಕು, ಹೊಲ ಇದ್ದವರು ಇಲ್ಲದವರನ್ನು ಕರೆಯಬೇಕು. ಜಾತಿ, ಧರ್ಮ ಕೇಳದೆ ಪರಿಚಯದವರನ್ನೆಲ್ಲ ಕರೆಯುವುದು, ದಾರಿಹೋಕರನ್ನೂ "ಬರ್ರಿ, ಎರಡ ತುತ್ತು ಉಂಡು ಹೋಗ್ರಿ" ಎಂದು ಕೂಗಿ ಕೂರಿಸುವುದು ನಮ್ಮ ಕಡೆಯ ವಾಡಿಕೆ. ಈ ಕರೆಯುವ ಕೆಲಸವನ್ನು ಮಕ್ಕಳಿಗೆ ವಹಿಸಿ. ತರಗತಿಯಲ್ಲಿ ಹೊಲ ನೋಡದ ಗೆಳೆಯರು ಯಾರು, ವರ್ಗವಾಗಿ ಬಂದ ಟೀಚರ್ ಯಾರು, ಓಣಿಯಲ್ಲಿ ಒಂಟಿಯಾಗಿರುವ ಅಜ್ಜಿ ಯಾರು ಎಂದು ಅವರೇ ಯೋಚಿಸಲಿ. ಹದಿನೈದು ದಿನ ಮುಂಚೆ ಹೋಗಿ ಹೇಳಿ ಬರಲಿ. ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸುವ ಬದಲು ಒಂದು ಚೀಟಿಯಲ್ಲಿ ದಾರಿ ಬರೆದು ಕೊಡಲಿ: ಯಾವ ಬಸ್ಸು ಹತ್ತಬೇಕು, ಯಾವ ಊರಿನ ಫಾಟಾದಲ್ಲಿ ಇಳಿಯಬೇಕು, ಯಾವ ಬೇವಿನ ಮರದ ಹತ್ತಿರ ಎಡಕ್ಕೆ ತಿರುಗಬೇಕು, ಯಾರ ಹೊಲ ಎಂದು ಕೇಳಬೇಕು.